ಶೇಕಡಾ ನೂರರ ಹೊರಗಿನ ಮೂವರು

ಶಿಕ್ಷಕರ ತರಬೇತಿಯಲ್ಲಿ ಯಾರೂ ಶಾಲು ಮಡಚುವುದನ್ನು ಕಲಿಸುವುದಿಲ್ಲ. ಖಾಸಗಿ ವಸತಿ ಶಾಲೆಗೆ ಸೇರಿದ ಮೇಲೆ ಅದನ್ನು ನೀವಾಗಿಯೇ ಕಲಿಯುತ್ತೀರಿ. ವೇದಿಕೆಯ ಮೇಲೆ ಮಗುವಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಫೋಟೊ ಹೊಡೆದ ಮೇಲೆ ಆ ಮಗು ಪರದೆಯ ಹಿಂದೆ ಇಳಿದು ಬರುತ್ತದೆ. ಅಲ್ಲಿ ಒಬ್ಬ ಶಿಕ್ಷಕಿ ನಿಂತಿರುತ್ತಾಳೆ. ಶಾಲು, ಪೇಟ ಎರಡನ್ನೂ ಬಿಚ್ಚಿಕೊಂಡು, ನೀಟಾಗಿ ಮಡಚಿ, ವೇದಿಕೆಯ ಇನ್ನೊಂದು ಬದಿಗೆ ಸಾಗಿಸುತ್ತಾಳೆ. ಹನ್ನೆರಡು ಶಾಲಿನಲ್ಲಿ ಎಂಬತ್ತು ಮಕ್ಕಳಿಗೆ ಸನ್ಮಾನ ಮಾಡುವ ವಿದ್ಯೆ ಇದು. ನಾನು ಅದರಲ್ಲಿ ಪಳಗಿದವಳು.

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ. ಹೆಸರು ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಇಂಥ ಶಾಲೆ ಅದೊಂದೇ ಅಲ್ಲ. ಅಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಕಲಿಸಿದೆ, ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡೆ. ಜತೆಗೆ ‘ಪ್ರತಿಭಾ ಪುರಸ್ಕಾರ’ ಎಂಬ ವಾರ್ಷಿಕ ಗದ್ದಲದ ಉಸ್ತುವಾರಿ ನನ್ನ ತಲೆಗೇ ಕಟ್ಟಿದ್ದರು. ಕನ್ನಡದವರಿಗೆ ಮಾತು ಬರುತ್ತದೆ, ಆದ್ದರಿಂದ ನಿರೂಪಣೆ ಅವರದೇ, ಆದ್ದರಿಂದ ಹಾರ ತುರಾಯಿಯೂ ಅವರದೇ ಎಂಬುದು ಎಲ್ಲ ಶಾಲೆಗಳ ತರ್ಕ. ಈ ನೌಕರಿಗೆ ಹೊಸದಾಗಿ ಬರುವ ಹುಡುಗಿಯರೇ, ನನಗೆ ಸಿಕ್ಕ ಬಡ್ತಿ, ಪ್ರಶಸ್ತಿ ನಿಮಗೆ ಬೇಡ. ನಾನು ಏನೇನು ಮಾಡಿದೆ ಎಂಬುದು ಬೇಕು. ಅದನ್ನೇ ಬರೆಯುತ್ತೇನೆ.

ಶಾಲಿನ ಮಾತು ಮುಗಿಸಿಬಿಡುತ್ತೇನೆ. ಒಂದು ಸಲ ಎಂಟನೇ ತರಗತಿಯ ಹುಡುಗಿ, ಓಟದಲ್ಲಿ ಜಿಲ್ಲೆಗೆ ಮೊದಲು ಬಂದವಳು, ಪರದೆಯ ಹಿಂದೆ ಬಂದವಳೇ ಶಾಲನ್ನು ಎದೆಗೆ ಅವುಚಿಕೊಂಡು ನಿಂತಳು. ಕೊಡು ಅಂದರೆ ಕೊಡಳು. “ಸರ್ ನನಗ ಹೊದಿಸ್ಯಾರ್ರಿ. ನೀವ್ಯಾಕ ಕಸಗೋತೀರಿ?” ಅಂದಳು. ಆಚೆ ಮುಂದಿನ ಹೆಸರು ಕೂಗಿಯಾಗಿತ್ತು, ಶಾಲು ಕಡಿಮೆ ಬಿದ್ದಿತ್ತು. ನಾನು ಎಳೆದುಕೊಂಡೆ. ಎಳೆಯುವಾಗ ಅವಳ ಬಳೆ ಒಡೆಯಿತು. ಅವತ್ತು ನನಗೆ ಸಿಟ್ಟು ಬಂದದ್ದು ಅವಳ ಮೇಲೆ, ಹಟಮಾರಿ ಎಂದು. ಈಗ ಯಾರ ಮೇಲೆ ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ನಾನು ಸೇರಿದ ಹೊಸದರಲ್ಲಿ ಹೀಗಿರಲಿಲ್ಲ. ಆಗಿನ ಹೆಡ್ ಸರ್ ಹಡಗಲಿಯ ಕಡೆಯವರು, ಧೋತರದ ಮನುಷ್ಯ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ನೋಟಿಸ್ ಬೋರ್ಡಿಗೆ ಅವರೇ ಸೀಮೆಸುಣ್ಣದಲ್ಲಿ ಹೆಸರು, ಅಂಕ ಬರೆಯುತ್ತಿದ್ದರು. ಬಂದವರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅಷ್ಟೇ ಸಂಭ್ರಮ. ಆದರೆ ಮಂಡಕ್ಕಿಯ ಮೊದಲ ಪೊಟ್ಟಣ ಫೇಲಾದವರಿಗೆ. ಅವರನ್ನು ತಮ್ಮ ಕೋಣೆಗೆ ಕರೆದು, ಕುರ್ಚಿ ಕೊಟ್ಟು, ತಿನ್ನಿಸುತ್ತಲೇ ಮರುಪರೀಕ್ಷೆಯ ಅರ್ಜಿ ತುಂಬಿಸುತ್ತಿದ್ದರು. ಅತ್ತು ಮುಗಿಸುವ ಹೊತ್ತಿಗೆ ಅರ್ಜಿಗೆ ಸಹಿಯೂ ಆಗಿರುತ್ತಿತ್ತು. “ಪಾಸಾದವ್ರಿಗೆ ನಾವೇನು ಮಾಡಬೇಕಾಗೈತಿ? ಅವ್ರು ಹೋಗ್ತಾರ. ನಮ್ಮ ಕೆಲಸ ಇರೂದು ಇವ್ರ ಹತ್ರ” ಅನ್ನುತ್ತಿದ್ದರು. ಅವರು ನಿವೃತ್ತರಾದರು. ಸೀಮೆಸುಣ್ಣವೂ ಅವರ ಹಿಂದೆಯೇ ಹೋಯಿತು.

ಆಮೇಲೆ ಬಂದದ್ದು ಫ್ಲೆಕ್ಸ್. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮ ಹಗರಿಬೊಮ್ಮನಹಳ್ಳಿ, ಐದೂ ಊರಿನ ಸರ್ಕಲ್ಲಿಗೆ ಐದು ಬೋರ್ಡು. ಇದರಲ್ಲೂ ಕಸುಬು ಇದೆ. ಹರಪನಹಳ್ಳಿಯ ಬೋರ್ಡಿನಲ್ಲಿ ಬಾಗಳಿ, ಉಚ್ಚಂಗಿದುರ್ಗದ ಮಕ್ಕಳ ಮುಖ ದೊಡ್ಡದು, ಉಳಿದವರದು ಸಣ್ಣದು. ಅದೇ ಮಕ್ಕಳು ಕೂಡ್ಲಿಗಿಯಲ್ಲಿ ಮೂಲೆಗೆ. ನಮ್ಮೂರ ಹುಡುಗ ಇಲ್ಲಿ ಓದಿ ಮುಂದೆ ಬಂದ ಎಂದು ಆಯಾ ಊರಿನ ಜನ ತಮ್ಮ ಮಕ್ಕಳನ್ನೂ ಸೇರಿಸಲು ಬರಬೇಕು. ಹೀಗೆ ಒಂದೇ ಮಗು ಒಂದೂರಲ್ಲಿ ಸಾಧಕ, ಮೂವತ್ತು ಮೈಲಿ ಆಚೆ ಅಂಚೆಚೀಟಿ.

ಫ್ಲೆಕ್ಸ್ ಮಾಡುವವನ ಹತ್ತಿರ ಒಂದು ಕೋಟು, ಟೈಯಿನ ಚಿತ್ರ ಇತ್ತು. ಎಲ್ಲ ಮಕ್ಕಳ ತಲೆ ಕತ್ತರಿಸಿ ಆ ಕೋಟಿನ ಮೇಲೆ ಕೂರಿಸುತ್ತಿದ್ದ. ಬಾಗಳಿಯ ಒಬ್ಬ ಹುಡುಗಿಯ ಅಜ್ಜಿ ಹರಪನಹಳ್ಳಿ ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಂತು, ಮೊಮ್ಮಗಳನ್ನು ಕಾಣದೆ, ಶಾಲೆಗೇ ಬಂದು ಜಗಳ ತೆಗೆದಳು. ಕರೆದುಕೊಂಡು ಹೋಗಿ ತೋರಿಸಿದರೆ, “ಇದು ಯಾವನೋ ಗಂಡುಹುಡುಗ ಅದಾನ. ನಮ್ಮ ಹುಡುಗಿ ಎಲ್ಲೈತಿ?” ಅಂದಳು. ಎರಡು ಜಡೆಯನ್ನು ಅಳಿಸಿ ಕಾಲರ್ ಕೂರಿಸಿದ್ದ ಪುಣ್ಯಾತ್ಮ. ನಾವು ಶಿಕ್ಷಕರು ಕೋಣೆಯಲ್ಲಿ ಕೂತು ನಕ್ಕೆವು. ಅಧ್ಯಕ್ಷರು ಮಾತ್ರ ನಗಲಿಲ್ಲ. ಮುಂದಿನ ವರ್ಷ ಹೆಣ್ಣುಮಕ್ಕಳಿಗೆ ಬೇರೆ ಕೋಟು ತರಿಸಿದರು. ನಮ್ಮ ಮಕ್ಕಳು ದಿನಾ ಒಗೆದು ಹಾಕಿಕೊಳ್ಳುವ ಸಮವಸ್ತ್ರ ಬೋರ್ಡಿಗೆ ಸಾಲದೇ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಧ್ಯಕ್ಷರೆಂದರೆ ಶಾಲೆ ಕಟ್ಟಿದವರು. ಅವರನ್ನು ರಾಕ್ಷಸ ಎಂದು ಬರೆದರೆ ನನಗೆ ಸಲೀಸು, ಆದರೆ ಅವರು ಹಾಗಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಮಕ್ಕಳ ಜತೆ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು, ಸಾರು ನೀರಾಗಿದ್ದರೆ ಅಡುಗೆಯವರ ಗ್ರಹಚಾರ ಬಿಡಿಸುತ್ತಿದ್ದರು. ಆದರೆ ಒಂದು ವರ್ಷ ಪಕ್ಕದ ತಾಲ್ಲೂಕಿನ ಶಾಲೆಯೊಂದು ‘ಶೇಕಡಾ ನೂರು ಫಲಿತಾಂಶ’ ಎಂಬ ಬೋರ್ಡು ಹಾಕಿತು. ಅದನ್ನು ನೋಡಿ ಬಂದ ದಿನದಿಂದ ಅವರ ತಲೆಯಲ್ಲಿ ಅದೊಂದೇ. ನಮ್ಮದು ತೊಂಬತ್ತಾರು ಬಂದಿತ್ತು, ಅದೇನು ಕಡಿಮೆಯೇ ಎಂದು ನಾನು ಕೇಳಿದೆ. “ಮೇಡಂ, ನೂರು ಅಂದ್ರ ಮಂದಿ ಕೈ ಮುಗೀತಾರ. ತೊಂಬತ್ತಾರು ಅಂದ್ರ ಆ ನಾಕು ಯಾರು ಅಂತ ಕೇಳ್ತಾರ” ಅಂದರು.

ಆ ನಾಲ್ಕನ್ನು ಇಲ್ಲದಂತೆ ಮಾಡುವ ದಾರಿಯನ್ನು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ ಹೊಸ ಹೆಡ್ ಸರ್ ನನ್ನನ್ನು ಕರೆದು, ಬಾಗಿಲು ಮುಂದೆ ಮಾಡಿ, ಪಟ್ಟಿ ಕೊಡಿ ಅಂದರು. ಯಾವ ಪಟ್ಟಿ ಎಂದರೆ, ಪಾಸಾಗುವುದು ಅನುಮಾನ ಇರುವವರ ಪಟ್ಟಿ. ಹೆಚ್ಚು ಪಾಠ ಮಾಡುವುದಕ್ಕೆ ಅಂದುಕೊಂಡೆ. ಅಲ್ಲ. ಅವರ ಹೆಸರನ್ನು ದಾಖಲೆಯಿಂದ ತೆಗೆದು, ಖಾಸಗಿ ಅಭ್ಯರ್ಥಿಗಳಾಗಿ ಬೇರೆ ಕಡೆಯಿಂದ ಪರೀಕ್ಷೆ ಕಟ್ಟಿಸುವುದು. ಮಕ್ಕಳು ಇಲ್ಲೇ ಇರುತ್ತಾರೆ, ಇಲ್ಲೇ ಉಣ್ಣುತ್ತಾರೆ, ಇಲ್ಲೇ ಓದುತ್ತಾರೆ. ಲೆಕ್ಕಕ್ಕೆ ಮಾತ್ರ ಇಲ್ಲ.

ನಾನು ಬೇಡ ಅನ್ನಲಿಲ್ಲ. ಒಂದೆರಡು ಸಲ ತಲೆ ಕೆರೆದುಕೊಂಡೆ, ನಿಯಮದ ಪ್ರಕಾರ ಸರಿಯೇ ಎಂದು ಕೇಳಿದೆ, ಎಲ್ಲರೂ ಮಾಡುತ್ತಾರೆ ಎಂಬ ಉತ್ತರ ಬಂತು, ಸಮಾಧಾನ ಮಾಡಿಕೊಂಡೆ. ಹಾಜರಿ ಪುಸ್ತಕ ತೆರೆದು ಮೂರು ಹೆಸರು ಬರೆದುಕೊಟ್ಟೆ. ಉಚ್ಚಂಗಿದುರ್ಗದ ಮಾರುತಿ, ಕೂಡ್ಲಿಗಿ ಕಡೆಯ ಬಸವರಾಜ, ಕೋಗಳಿ ಹತ್ತಿರದ ಕೊಟ್ರಮ್ಮ.

ಕೊಟ್ರಮ್ಮನ ಮನೆಯವರು ಕುರಿ ಸಾಕುವವರು. ಅವಳು ಗಣಿತದಲ್ಲಿ ಹನ್ನೊಂದು ಅಂಕ ತೆಗೆದಿದ್ದಳು. ಆ ಪರೀಕ್ಷೆಗೆ ಮೊದಲು ಇಪ್ಪತ್ತು ದಿನ ಕಾಮಾಲೆಯಾಗಿ ಮನೆಯಲ್ಲಿ ಮಲಗಿದ್ದಳು ಎಂಬುದು ನನಗೆ ಗೊತ್ತಿತ್ತು. ಹಾಸ್ಟೆಲ್ಲಿನಿಂದ ಅವಳನ್ನು ಕಳಿಸಿಕೊಟ್ಟವಳೇ ನಾನು. ಪಟ್ಟಿ ಬರೆಯುವ ಹೊತ್ತಿಗೆ ಹನ್ನೊಂದು ಮಾತ್ರ ಕಂಡಿತು, ಕಾಮಾಲೆ ಕಾಣಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಪರೀಕ್ಷೆಯ ಕೊಠಡಿಯಲ್ಲಲ್ಲ, ಪಾಠದಲ್ಲಲ್ಲ, ಆ ಒಂದು ಹಾಳೆಯ ಮೇಲೆ.

ಪಾಲಕರನ್ನು ಕರೆಸಿ ಒಪ್ಪಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಮಾತು ಬರುತ್ತದಲ್ಲ. ಮಾರುತಿಯ ಅಪ್ಪ ನಾನು ಹೇಳಿದ್ದಕ್ಕೆಲ್ಲ ಆಗಲಿ ಎಂದು ಸಹಿ ಹಾಕಿ ಹೋದ. ಬಸವರಾಜನ ಅಣ್ಣ ಬಸ್ಸಿಗೆ ಹೊತ್ತಾಯಿತೆಂದು ಓದದೆಯೇ ಸಹಿ ಮಾಡಿದ. ಕೊಟ್ರಮ್ಮನ ಅವ್ವ ಹಾಲಮ್ಮ ಮಾತ್ರ ಪೆನ್ನು ಕೈಯಲ್ಲಿ ಹಿಡಿದು ಕೂತಳು. ಅದೇ ಪ್ರಶ್ನೆಪತ್ರಿಕೆ, ಅದೇ ಅಂಕಪಟ್ಟಿ, ಏನೂ ವ್ಯತ್ಯಾಸವಿಲ್ಲ, ಹುಡುಗಿಗೆ ಒತ್ತಡವೂ ಕಡಿಮೆ ಎಂದೆಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಇಲ್ಲೇ ಉಣ್ತಾಳ, ಇಲ್ಲೇ ಓದ್ತಾಳ. ಪರೀಕ್ಷಿ ಮಾತ್ರ ಯಾಕ ಪರರ ಮನಿ ಹುಡುಗಿಯಂಗ ಬರೀಬೇಕ್ರಿ ಅಕ್ಕೋರ?”

ಅದಕ್ಕೂ ನನ್ನ ಹತ್ತಿರ ಮಾತು ಇತ್ತು. ಎಲ್ಲಾ ಒಂದೇ ಹಾಲಮ್ಮ, ನಾನಿದ್ದೀನಲ್ಲ ಅಂದೆ. ನಾನಿದ್ದೀನಿ ಎಂಬ ಮಾತಿಗೆ ಅವಳು ಸಹಿ ಹಾಕಿದಳು. ಕಾಗದದಲ್ಲಿ ಬರೆದದ್ದಕ್ಕಲ್ಲ.

ಮಕ್ಕಳಿಗೆ ಇದು ಸರಿಯಾಗಿ ತಿಳಿದದ್ದು ಬೀಳ್ಕೊಡುಗೆಯ ದಿನ. ಹತ್ತನೇ ತರಗತಿಯ ಗುಂಪು ಫೋಟೊ ತೆಗೆಯುವಾಗ ಮೊದಲು ಎಲ್ಲರದೂ ಒಂದು ಆಯಿತು. ಆಮೇಲೆ ಹೆಡ್ ಸರ್ ಈ ಮೂವರಿಗೆ ಪಕ್ಕಕ್ಕೆ ಸರಿಯಲು ಹೇಳಿ ಇನ್ನೊಂದು ತೆಗೆಸಿದರು. ಆಫೀಸಿನ ಗೋಡೆಗೆ ಹೋದದ್ದು ಎರಡನೆಯದು. ಬೆಂಚಿನ ಮೇಲೆ ಮೂರು ಜಾಗ ಖಾಲಿ ಕಾಣಬಾರದೆಂದು ಉಳಿದವರನ್ನು ಒತ್ತರಿಸಿ ನಿಲ್ಲಿಸಿದ್ದು ನಾನೇ. ಮಾರುತಿ ಬೇವಿನ ಗಿಡದ ಕೆಳಗೆ ನಿಂತು ನಗುತ್ತಿದ್ದ, ತಮಾಷೆ ಇದು ಎನ್ನುವಂತೆ. ಕೊಟ್ರಮ್ಮ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಅವತ್ತಿನಿಂದ ಪರೀಕ್ಷೆಯವರೆಗೆ ಆ ಹುಡುಗಿ ಓದಿದ್ದನ್ನು ನಾನು ಕಂಡಿದ್ದೇನೆ. ನಾನು ಕಲಿಸಿದೆ ಎಂದು ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟಿಲ್ಲ. ಗಣಿತದ ಸರ್ ಪಟ್ಟಿಯವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಏಕೆಂದರೆ ಆ ಮಕ್ಕಳು ಅವರ ಲೆಕ್ಕದಲ್ಲಿ ಇರಲಿಲ್ಲ. ಅವಳು ಒಂಬತ್ತನೇ ತರಗತಿಯ ಹುಡುಗಿಯರ ಹತ್ತಿರ ಕೂತು ಹಿಂದಿನ ಪಾಠ ಹೇಳಿಸಿಕೊಳ್ಳುತ್ತಿದ್ದಳು. ತನಗಿಂತ ಸಣ್ಣವರ ಹತ್ತಿರ ಕಲಿಯಲು ಅವಳಿಗೆ ಸಂಕೋಚ ಇರಲಿಲ್ಲ.

ಫಲಿತಾಂಶ ಬಂತು. ನಮ್ಮದು ಶೇಕಡಾ ನೂರು. ಮಧ್ಯಾಹ್ನದೊಳಗೆ ಪಟಾಕಿ, ಸಂಜೆಯೊಳಗೆ ಐದೂ ಊರಿಗೆ ಬೋರ್ಡು. ಬೋರ್ಡಿನ ವಿನ್ಯಾಸ ಹದಿನೈದು ದಿನ ಮೊದಲೇ ತಯಾರಿತ್ತು, ಮುಖ ಅಂಟಿಸುವುದಷ್ಟೇ ಬಾಕಿ. ಪಟ್ಟಿಯ ಮೂವರ ಫಲಿತಾಂಶವನ್ನು ಯಾರೂ ನೋಡಿರಲಿಲ್ಲ. ನಾನು ಮೊಬೈಲಿನಲ್ಲಿ ನೋಡಿದೆ. ಮಾರುತಿ, ಬಸವರಾಜ ಫೇಲು. ಕೊಟ್ರಮ್ಮ ಆರುನೂರ ಇಪ್ಪತ್ತೈದಕ್ಕೆ ಮುನ್ನೂರ ತೊಂಬತ್ತೊಂದು. ಪ್ರಥಮ ದರ್ಜೆ.

ಮುಂದಿನ ಭಾನುವಾರ ಪ್ರತಿಭಾ ಪುರಸ್ಕಾರ. ಮೂವರಿಗೂ ಆಮಂತ್ರಣ ಹೋಗಿರಲಿಲ್ಲ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಗೇಟಿನ ಕಾವಲುಗಾರ ಬಂದು, ಯಾರೋ ತಾಯಿ ಮಗಳು ನಿಮ್ಮ ಹೆಸರು ಹೇಳುತ್ತಿದ್ದಾರೆ, ಪಟ್ಟಿಯಲ್ಲಿ ಇಲ್ಲ, ಏನು ಮಾಡಲಿ ಎಂದು ಕೇಳಿದ. ಹೋಗಿ ನೋಡಿದರೆ ಕೊಟ್ರಮ್ಮ, ಹಾಲಮ್ಮ. ಹಾಲಮ್ಮ ಹೊಸ ಸೀರೆ ಉಟ್ಟಿದ್ದಳು, ಕೈಯಲ್ಲಿ ಪೇಡೆಯ ಡಬ್ಬಿ. ಜಗಳಕ್ಕೆ ಬಂದವರಲ್ಲ ಅವರು. ಸಿಹಿ ಕೊಡಲು ಬಂದವರು. ಕೊಟ್ರಮ್ಮ ನನ್ನ ಕಾಲು ಮುಟ್ಟಿ ಎದ್ದು ಕೇಳಿದಳು.

“ಕೊಟ್ಟೂರಾಗ ಬೋರ್ಡ್ ನೋಡಿದ್ವಿ ಮೇಡಂ. ನೂರಕ್ಕ ನೂರು ಅಂತ ಬರದಾರ. ಆ ನೂರರಾಗ ನಾನೂ ಅದೀನೇನ್ರಿ?”

ಬೇರೆ ಯಾರಾದರೂ ಆಗಿದ್ದರೆ ಏನಾದರೂ ಹೇಳಿ ತೇಲಿಸುತ್ತಿದ್ದೆ. ಅವಳು ಗೊತ್ತಿಲ್ಲದೆ ಕೇಳಿರಲಿಲ್ಲ. ಗೊತ್ತಿದ್ದೇ, ನನ್ನ ಬಾಯಲ್ಲಿ ಕೇಳಬೇಕೆಂದು ಕೇಳಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು, ಬುಸ್ಸೆಂದು ಬಂತು. ಇಬ್ಬರನ್ನೂ ಕೈ ಹಿಡಿದು ಕರೆದುಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂರಿಸಿದೆ. ಹೆಡ್ ಸರ್ ಕಣ್ಣು ಬಿಟ್ಟರು, ನಾನು ಆ ಕಡೆ ನೋಡಲಿಲ್ಲ.

ನಿರೂಪಣೆ ನನ್ನದು, ಮೈಕು ನನ್ನ ಕೈಯಲ್ಲಿ. ಕೊಟ್ಟ ಹೆಸರುಗಳನ್ನೆಲ್ಲ ಓದಿ ಮುಗಿಸಿದೆ. ಆಮೇಲೆ ಹಾಳೆಯಲ್ಲಿ ಇಲ್ಲದ್ದನ್ನು ಹೇಳಿದೆ. ನಮ್ಮ ಶಾಲೆಯಲ್ಲೇ ಓದಿ, ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದು, ನಾವು ಹೊರಗಿನಿಂದ ಪರೀಕ್ಷೆ ಬರೆಸಿದ ಕೊಟ್ರಮ್ಮ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ, ವೇದಿಕೆಗೆ ಬರಬೇಕು ಅಂದೆ. ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರ ಮುಖ ಸುಟ್ಟ ಬದನೆಕಾಯಿ ಆಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರೇ ಅವರು. ಎದ್ದು ಬಂದು ತಾವೇ ಶಾಲು ಹೊದಿಸಿದರು, ತಲೆಯ ಮೇಲೆ ಕೈ ಇಟ್ಟು ಫೋಟೊದವನ ಕಡೆ ತಿರುಗಿದರು. ಕುರ್ಚಿಗೆ ಮರಳುವಾಗ ನನ್ನ ಪಕ್ಕ ಬಗ್ಗಿ, “ಮೊದಲ ಹೇಳಿದ್ರ ಬೋರ್ಡಿನಾಗೂ ಹಾಕ್ತಿದ್ವಲ್ಲ ಮೇಡಂ” ಅಂದರು. ನನ್ನ ಸಿಟ್ಟನ್ನು ಅವರು ಹೀಗೆ ನುಂಗಿ ನೀರು ಕುಡಿದರು.

ಆದರೂ ಒಳಗೊಳಗೇ ನನಗೆ ಹೆಮ್ಮೆ. ಇಷ್ಟು ವರ್ಷದಲ್ಲಿ ಒಂದಾದರೂ ಸರಿಯಾದ ಕೆಲಸ ಮಾಡಿದೆ ಎಂದು. ಹಾಲಮ್ಮ ಕೆಳಗೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೊಟ್ರಮ್ಮ ಇಳಿದು ಹೋಗದೆ ನನ್ನ ಹತ್ತಿರ ಬಂದಳು. ಮೆಲ್ಲಗೆ ಮಾತಾಡಿದಳು, ಆದರೆ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು.

“ಮಾರುತಿ, ಬಸವರಾಜನ ಹೆಸರು ಓದಲಿಲ್ಲಲ್ರಿ ಮೇಡಂ.”

“ಅವರು ಪಾಸಾಗಿಲ್ಲಮ್ಮ” ಅಂದೆ. ನಾನೇ ಅಂದೆ.

“ಆಗ್ಲಿಲ್ಲಂದ್ರ ಇಲ್ಲಿ ಇದ್ದಿಲ್ಲೇನ್ರಿ ಅವ್ರು?”

ಮುಂದಿನ ಸಾಲುಗಳಿಗೆ ಅದು ಕೇಳಿಸಿತು. ಮೈಕು ನನ್ನ ಕೈಯಲ್ಲೇ ಇತ್ತು. ಎರಡು ಹೆಸರು, ಎರಡು ಉಸಿರಿನ ಕೆಲಸ. ಆ ಎರಡು ಹೆಸರು ಓದಿದ್ದರೆ ಶೇಕಡಾ ನೂರು ಅಲ್ಲೇ ಮುರಿದು ಬೀಳುತ್ತಿತ್ತು. ಪಾಸಾದವಳ ಹೆಸರಿನಿಂದ ಏನೂ ಮುರಿಯುವುದಿಲ್ಲ ಎಂದು ಅಧ್ಯಕ್ಷರಿಗೆ ನನಗಿಂತ ಮೊದಲೇ ಹೊಳೆದಿತ್ತು. ಅವರು ಕೂತಲ್ಲಿಂದಲೇ ಮೈಕಿಗಾಗಿ ಕೈ ಚಾಚಿದರು. ನಾನು ಕೊಟ್ಟುಬಿಟ್ಟೆ.

ಕೊಟ್ರಮ್ಮ ನನ್ನ ಮುಖ ನೋಡಿ, ಇಳಿದು ಹೋಗಿ, ಅವ್ವನನ್ನು ಎಬ್ಬಿಸಿಕೊಂಡು ಊಟಕ್ಕೂ ನಿಲ್ಲದೆ ಹೊರಟಳು. ಮಾರುತಿಯ ಮರುಪರೀಕ್ಷೆಯ ಅರ್ಜಿ ತುಂಬಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ, ಅವನು ನಮ್ಮ ವಿದ್ಯಾರ್ಥಿಯೇ ಅಲ್ಲವಲ್ಲ. ಅವನು ಮತ್ತೆ ಪರೀಕ್ಷೆ ಕಟ್ಟಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಬಸವರಾಜನ ಬಗ್ಗೆ ಅಷ್ಟೂ ಗೊತ್ತಾಗಲಿಲ್ಲ. ಇದಾದ ಮೇಲೆ ನಾನು ರಾಜೀನಾಮೆ ಕೊಟ್ಟೆ ಎಂದು ನೀವು ಅಂದುಕೊಂಡರೆ ತಪ್ಪು. ಇನ್ನೂ ಮೂರು ವರ್ಷ ಇದ್ದೆ. ಇನ್ನೂ ಮೂರು ಪಟ್ಟಿ ಬರೆದೆ. ಪ್ರತಿ ಸಲವೂ ಸಿಟ್ಟು ಬರುತ್ತಿತ್ತು, ಪ್ರತಿ ಸಲವೂ ಬರೆಯುತ್ತಿದ್ದೆ. ಬರೀ ಒಳಗೇ ಇಟ್ಟುಕೊಂಡ ಸಿಟ್ಟಿನಿಂದ ಯಾವ ಮಗುವಿಗೂ ಏನೂ ಆಗಲಿಲ್ಲ.

ಕಳೆದ ಭಾನುವಾರ ನನ್ನ ಜಾಗಕ್ಕೆ ಬಂದಿರುವ ಶಿಕ್ಷಕಿ ಸುನೀತಾ ಮನೆಗೆ ಬಂದಿದ್ದಳು. ಕೂಡ್ಲಿಗಿಯ ಹುಡುಗಿ, ಸೇರಿ ನಾಲ್ಕು ತಿಂಗಳು. ಅರ್ಧವಾರ್ಷಿಕ ಪರೀಕ್ಷೆ ಮುಗಿದಿದೆಯಂತೆ. ಪಟ್ಟಿಯಲ್ಲಿ ಈ ಸಲ ಐದು ಹೆಸರು, ಅರ್ಜಿ ಕಟ್ಟಲು ಇನ್ನೂ ಹದಿನೈದು ದಿನ ಇದೆಯಂತೆ. ಚಹಾ ಕುಡಿದು, ಚೀಲದಿಂದ ಹೊಸ ನೋಟ್‌ಬುಕ್ ತೆಗೆದು, ಮೊಣಕಾಲ ಮೇಲೆ ಇಟ್ಟುಕೊಂಡು, ಪೆನ್ನಿನ ಟೋಪಿ ಬಿಚ್ಚಿದಳು.

“ಪಾಲಕರಿಗೆ ಹೇಳೂದು ನಿಮ್ಮಷ್ಟು ಚೆಂದ ಯಾರಿಗೂ ಬರಂಗಿಲ್ಲಂತ ಹೆಡ್ ಸರ್ ಅಂದ್ರು ಮೇಡಂ. ಒಬ್ರೂ ಅಳಲಾರದಂಗ ಸಹಿ ಹಾಕ್ಸಿ ಕಳಿಸ್ತಿದ್ರಂತ. ನನಗೂ ಅದನ್ನ ಕಲಿಸ್ರಿ.”

ಎಂಟು ದಿನ ಬಿಟ್ಟು ಬಾ, ಅಲ್ಲಿಯವರೆಗೆ ಯಾವ ಪಾಲಕರಿಗೂ ಹೇಳಿ ಕಳಿಸಬೇಡ ಎಂದೆ. ಆ ಎಂಟು ದಿನದಲ್ಲಿ ಬರೆದದ್ದು ಇಷ್ಟು. ನಾಳೆ ಬೆಳಿಗ್ಗೆ ಬರುತ್ತಾಳೆ. ಇದನ್ನೇ ಕೈಗೆ ಕೊಟ್ಟು, ನನ್ನ ಎದುರಿಗೇ ಕೂತು ಓದು ಅನ್ನುತ್ತೇನೆ.